ಮಿದುಳಿನಲ್ಲೊಂದು ಚುಕ್ಕೆ: ಗಡ್ಡೆಯೇ, ಕ್ಷಯವೇ, ಹುಳುವೇ?

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಿ. ಶಿಡ್ಲಘಟ್ಟದ ಒಂದು ರೇಷ್ಮೆ ನೂಲು ತೆಗೆಯುವ ಮನೆ. ಬೆಳಗಿನ ಹೊತ್ತು. ಗೂಡು ಬೇಯುವ ಬಿಸಿನೀರಿನ ಮುಂದೆ ಕುಳಿತ ಇಪ್ಪತ್ತೆರಡರ ಯುವಕನ ಬಲಗೈ ಬೆರಳುಗಳು ಇದ್ದಕ್ಕಿದ್ದಂತೆ ತಾವಾಗಿಯೇ ಅದುರತೊಡಗುತ್ತವೆ. ಅದುರು ಮೊಣಕೈಗೆ, ಭುಜಕ್ಕೆ, ಮುಖದ ಒಂದು ಪಕ್ಕಕ್ಕೆ ಏರುತ್ತದೆ. ನೋಡನೋಡುತ್ತಿದ್ದಂತೆ ಆತ ಪ್ರಜ್ಞೆ ತಪ್ಪಿ ಉರುಳುತ್ತಾನೆ. ಪಕ್ಕದವರು ಎಳೆದು ಈಚೆ ಮಲಗಿಸುತ್ತಾರೆ. ಒಬ್ಬರು ಕೈಗೆ ಬೀಗದ ಕೈ ಕೊಡುತ್ತಾರೆ, ಇನ್ನೊಬ್ಬರು ಈರುಳ್ಳಿ ಜಜ್ಜಿ ಮೂಗಿಗೆ ಹಿಡಿಯುತ್ತಾರೆ. ಎರಡು ಮೂರು ನಿಮಿಷಗಳಲ್ಲಿ ಅದುರು ನಿಲ್ಲುತ್ತದೆ. ಕಬ್ಬಿಣ ಕೊಟ್ಟಿದ್ದರಿಂದಲೇ ನಿಂತಿತು ಎಂದು ಎಲ್ಲರೂ ನಂಬುತ್ತಾರೆ. ಕೊಡದಿದ್ದರೂ ಅಷ್ಟು ಹೊತ್ತಿಗೇ ನಿಲ್ಲುತ್ತಿತ್ತು.

ಮರುದಿನ ತಲೆಯ ಸ್ಕ್ಯಾನ್ ಆಗುತ್ತದೆ. ಮಿದುಳಿನ ಎಡಭಾಗದಲ್ಲಿ ಅವರೆಕಾಳಿನಷ್ಟು ದೊಡ್ಡ, ಉಂಗುರದಂತೆ ಹೊಳೆಯುವ ಒಂದು ಚುಕ್ಕೆ. ಇಲ್ಲಿಂದ ಮನೆಯವರ ಗೋಳು ಆರಂಭವಾಗುತ್ತದೆ. ಒಬ್ಬರು 'ಮಿದುಳು ಗಡ್ಡೆ' ಎನ್ನುತ್ತಾರೆ. ಇನ್ನೊಬ್ಬರು 'ಮಿದುಳು ಕ್ಷಯ, ಒಂದೂವರೆ ವರ್ಷ ಮಾತ್ರೆ ನುಂಗಬೇಕು' ಎನ್ನುತ್ತಾರೆ. ಮೂರನೆಯವರು 'ಹಂದಿ ಹುಳು' ಎಂದಾಗ ಮನೆಯ ಹಿರಿಯರಿಗೆ ಸಿಟ್ಟು ಬರುತ್ತದೆ. 'ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ಒಡೆಯುವುದಿಲ್ಲ. ಹಂದಿ ಹುಳು ಎಲ್ಲಿಂದ ಬಂತು ಸ್ವಾಮಿ?'

ಈ ಮೂರು ಮಾತುಗಳಲ್ಲಿ ಯಾವುದು ನಿಜ ಎಂಬುದನ್ನು ಗೊತ್ತುಮಾಡಿಕೊಳ್ಳುವ ಬಗೆ ಹೇಗೆ ಎಂಬುದೇ ಈ ವಾರದ ವಿಷಯ. ಏಕೆಂದರೆ ಮೂರಕ್ಕೂ ಚಿಕಿತ್ಸೆ ಬೇರೆ, ಮೂರಕ್ಕೂ ಭವಿಷ್ಯ ಬೇರೆ. ನಿಮಗೆ ಸಮಾಧಾನದ ಮಾತೊಂದನ್ನು ಮೊದಲೇ ಹೇಳಿಬಿಡಬಹುದು: ನಮ್ಮ ದೇಶದಲ್ಲಿ ಆರೋಗ್ಯವಂತ ಹುಡುಗ ಹುಡುಗಿಯರಲ್ಲಿ ಮೊದಲ ಸಲ ಫಿಟ್ಸ್ ಬಂದು, ಸ್ಕ್ಯಾನಿನಲ್ಲಿ ಇಂತಹ ಒಂದೇ ಒಂದು ಸಣ್ಣ ಚುಕ್ಕೆ ಕಂಡರೆ, ಅದು ಹೆಚ್ಚಿನ ಸಲ ಸಾಯುತ್ತಿರುವ ಒಂದು ಹುಳುವಿನ ಮರಿಯಾಗಿರುತ್ತದೆ. ಮೂರರಲ್ಲಿ ಸುಲಭವಾಗಿ ವಾಸಿಯಾಗುವಂಥದು ಅದೇ.

ಒಂದೇ ಹುಳು, ಎರಡು ಬಾಳು

ಈ ಕಾಯಿಲೆಯ ಹೆಸರು ನ್ಯೂರೋಸಿಸ್ಟಿಸರ್ಕೋಸಿಸ್. ಹೆಸರು ಉದ್ದವಾದರೂ ಕಥೆ ಸರಳ. ಹಂದಿಯ ಲಾಡಿಹುಳು, ಅಂದರೆ ಟೀನಿಯಾ ಸೋಲಿಯಂ, ಎರಡು ಬೇರೆ ಬೇರೆ ರೂಪಗಳಲ್ಲಿ ಬಾಳುತ್ತದೆ. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲನೆಯದು ಬೆಳೆದ ಹುಳು. ಇದು ವಾಸಿಸುವುದು ಮನುಷ್ಯನ ಕರುಳಿನಲ್ಲಿ ಮಾತ್ರ. ಹುಳುವಿನ ಗುಳ್ಳೆಗಳಿರುವ ಹಂದಿ ಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವರ ಕರುಳಿನಲ್ಲಿ ಅದು ಬೆಳೆದು, ಕೆಲವು ಮೀಟರುಗಳಷ್ಟು ಉದ್ದವಾಗುತ್ತದೆ. ಅದರ ಮೈಯ ತುಣುಕುಗಳು ಮಲದ ಜೊತೆ ಹೊರಬರುತ್ತವೆ. ಒಂದೊಂದು ಬಲಿತ ತುಣುಕಿನಲ್ಲಿ ಸುಮಾರು 50,000 ಮೊಟ್ಟೆಗಳಿರಬಹುದು. ಹುಳು ಹೊತ್ತವರಿಗೆ ಹೆಚ್ಚಿನ ತೊಂದರೆ ಇರುವುದಿಲ್ಲ. ವರ್ಷಗಟ್ಟಲೆ ಗೊತ್ತೇ ಆಗದಿರಬಹುದು.

ಎರಡನೆಯದು ಮರಿಯ ರೂಪ. ಬಯಲಲ್ಲಿ ಬಿದ್ದ ಆ ಮಲವನ್ನು ತಿಂದ ಹಂದಿಯ ಹೊಟ್ಟೆಯಲ್ಲಿ ಮೊಟ್ಟೆಗಳು ಒಡೆದು, ಮರಿಗಳು ಕರುಳನ್ನು ಕೊರೆದು, ರಕ್ತದಲ್ಲಿ ಸಾಗಿ, ಮಾಂಸಖಂಡಗಳಲ್ಲಿ ಸಣ್ಣ ನೀರುಗುಳ್ಳೆಗಳಾಗಿ ನೆಲೆಸುತ್ತವೆ. ಹಂದಿಯ ಪಾಲಿಗೆ ಬರಬೇಕಾದ ಈ ಮೊಟ್ಟೆ ಮನುಷ್ಯನ ಬಾಯಿಗೆ ಹೋದರೆ ನಮ್ಮ ದೇಹದಲ್ಲೂ ಹಾಗೆಯೇ ಆಗುತ್ತದೆ. ಮರಿ ಸ್ನಾಯುವಿಗೆ ಹೋದರೆ ತೊಂದರೆ ಕಡಿಮೆ. ಕಣ್ಣಿಗೆ ಹೋದರೆ ದೃಷ್ಟಿಗೆ ಅಪಾಯ. ಮಿದುಳಿಗೆ ಹೋದರೆ ಫಿಟ್ಸ್.

ಆದ್ದರಿಂದ ಇದೊಂದನ್ನು ಗಟ್ಟಿಯಾಗಿ ನೆನಪಿಡಿ. ಹಂದಿ ಮಾಂಸ ತಿಂದರೆ ಬರುವುದು ಕರುಳಿನ ಹುಳು. ಮಿದುಳಿನ ಹುಳು ಬರುವುದು ಮನುಷ್ಯನ ಮಲದಲ್ಲಿರುವ ಮೊಟ್ಟೆ ಬಾಯಿಗೆ ಹೋಗುವುದರಿಂದ. ಆ ಮೊಟ್ಟೆ ಕಣ್ಣಿಗೆ ಕಾಣದು. ಕೈ ತೊಳೆಯದ ಬೆರಳ ಸಂದಿಯಲ್ಲಿ, ಹಸಿ ಕೊತ್ತಂಬರಿ ಸೊಪ್ಪಿನಲ್ಲಿ, ಕುದಿಸದ ನೀರಿನಲ್ಲಿ ಅದು ಬರುತ್ತದೆ. ಮಾಂಸಾಹಾರಿ, ಸಸ್ಯಾಹಾರಿ ಎಂಬ ಭೇದ ಅದಕ್ಕಿಲ್ಲ.

ಹಂದಿ ಮುಟ್ಟದವರ ಮನೆಯಲ್ಲಿ

ಇದಕ್ಕೆ ಹೆಸರಾದ ನಿದರ್ಶನ ಅಮೆರಿಕದ ನ್ಯೂಯಾರ್ಕ್ ನಗರದ್ದು. ಅಲ್ಲಿಯ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಿಗೆ ಫಿಟ್ಸ್ ಬಂದು, ಪರೀಕ್ಷಿಸಿದಾಗ ಮಿದುಳಿನಲ್ಲಿ ಈ ಹುಳುವಿನ ಗುಳ್ಳೆಗಳಿದ್ದುದು ತಿಳಿಯಿತು. ಯಹೂದಿಗಳಿಗೆ ಹಂದಿ ಮಾಂಸ ನಿಷಿದ್ಧ. ಹುಡುಕುತ್ತ ಹೋದಾಗ, ಹುಳು ಹೆಚ್ಚಾಗಿರುವ ಲ್ಯಾಟಿನ್ ಅಮೆರಿಕದ ದೇಶಗಳಿಂದ ಬಂದು ಆ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವರತ್ತ ದಾರಿ ತೋರಿತು. ಅವರಲ್ಲೊಬ್ಬರ ಕರುಳಿನಲ್ಲಿ ಲಾಡಿಹುಳು ಇತ್ತು. 1992ರಲ್ಲಿ ಈ ವರದಿ ಪ್ರಕಟವಾದಾಗ ವೈದ್ಯಲೋಕ ಬೆರಗಾಯಿತು. ಹುಳು ಹೊತ್ತವರ ತಪ್ಪೇನೂ ಇರಲಿಲ್ಲ. ತಮ್ಮೊಳಗೆ ಹುಳು ಇದೆ ಎಂಬುದೇ ಅವರಿಗೆ ತಿಳಿದಿರಲಿಲ್ಲ.

ನಮ್ಮ ನೆಲಕ್ಕೆ ಸಂಬಂಧಿಸಿದ ಇನ್ನೊಂದು ಹಳೆಯ ಕಥೆಯಿದೆ. ಭಾರತದಲ್ಲಿ ಸೇವೆ ಸಲ್ಲಿಸಿ ತಾಯ್ನಾಡಿಗೆ ಮರಳಿದ ಬ್ರಿಟಿಷ್ ಸೈನಿಕರಲ್ಲಿ ಅನೇಕರಿಗೆ ಊರಿಗೆ ಹೋದ ಮೇಲೆ ಫಿಟ್ಸ್ ಶುರುವಾಯಿತು. ಅಂತಹ 450 ಮಂದಿಯ ವಿವರಗಳನ್ನು ಡಿಕ್ಸನ್ ಮತ್ತು ಲಿಪ್ಸ್‌ಕೋಂಬ್ ಎಂಬ ವೈದ್ಯರು 1961ರಲ್ಲಿ ಪ್ರಕಟಿಸಿದರು. ಮೊಟ್ಟೆ ಒಳಹೊಕ್ಕು ಮೊದಲ ಫಿಟ್ಸ್ ಬರುವವರೆಗೆ ಹೆಚ್ಚಿನವರಲ್ಲಿ ಕೆಲವು ವರ್ಷಗಳು ಕಳೆದಿದ್ದವು. ಬಹುಪಾಲು ಮಂದಿಗೆ ಏಳು ವರ್ಷಗಳ ಒಳಗೆ, ಕೆಲವರಿಗೆ ಅದಕ್ಕಿಂತ ಬಹಳ ತಡವಾಗಿ ಕಾಯಿಲೆ ಕಾಣಿಸಿಕೊಂಡಿತ್ತು. ಇದರಿಂದ ರೋಗನಿರ್ಣಯಕ್ಕೊಂದು ಪಾಠವಿದೆ. 'ನಿನ್ನೆ ಮೊನ್ನೆ ಏನು ತಿಂದೆ' ಎಂದು ಕೇಳಿ ಪ್ರಯೋಜನವಿಲ್ಲ. ಇಂದಿನ ಫಿಟ್ಸ್‌ಗೆ ಕಾರಣವಾದ ಮೊಟ್ಟೆ ನಾಲ್ಕೈದು ವರ್ಷ ಹಿಂದಿನ ಊಟದ್ದಿರಬಹುದು.

ನಮ್ಮ ತಾಲ್ಲೂಕುಗಳಲ್ಲಿ

ಚಿಕ್ಕಬಳ್ಳಾಪುರ, ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ನರರೋಗಗಳ ಅಧ್ಯಯನದಲ್ಲಿ ಗೌರಿಬಿದನೂರಿಗೆ ಒಂದು ವಿಶೇಷ ಸ್ಥಾನವಿದೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರೀದೇವಿ ಮತ್ತು ಸಂಗಡಿಗರು ಅಲ್ಲಿ ಮನೆಮನೆಗೆ ಹೋಗಿ 57,660 ಜನರ ಸಮೀಕ್ಷೆ ನಡೆಸಿದರು. ಸಾವಿರ ಜನಕ್ಕೆ ನಾಲ್ಕರಿಂದ ಐದು ಮಂದಿಗೆ ಅಪಸ್ಮಾರ, ಅಂದರೆ ಮೂರ್ಛೆ ರೋಗ ಇರುವುದು ಅದರಿಂದ ತಿಳಿಯಿತು. ಮುಂದೆ ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರನ್ನು ಸಮೀಕ್ಷಿಸಿದಾಗ ಇನ್ನೊಂದು ಸಂಗತಿ ಹೊರಬಂತು. ನಗರದಲ್ಲಿ ಸಾವಿರಕ್ಕೆ 5.7 ಇದ್ದ ಅಪಸ್ಮಾರ, ಹಳ್ಳಿಗಳಲ್ಲಿ 11.9 ಇತ್ತು. ಸರಿಸುಮಾರು ಎರಡರಷ್ಟು.

ಇವರಲ್ಲಿ ಎಷ್ಟು ಮಂದಿಯ ಕಾಯಿಲೆಗೆ ಹುಳು ಕಾರಣ? ಮನೆಮನೆ ಸಮೀಕ್ಷೆಯಲ್ಲಿ ಪ್ರಶ್ನೆ ಕೇಳಿ ರೋಗಿಯನ್ನು ಗುರುತಿಸಬಹುದು. ಕಾರಣ ತಿಳಿಯಲು ಸ್ಕ್ಯಾನ್ ಬೇಕು. ಗಡಿಯಾಚೆ, ತಮಿಳುನಾಡಿನ ವೆಲ್ಲೂರು ಸುತ್ತಮುತ್ತ ಅಂತಹ ಕೆಲಸ ನಡೆಯಿತು. ಅಲ್ಲಿಯ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನವರು ಅಪಸ್ಮಾರ ಇರುವವರನ್ನು ಹುಡುಕಿ, ಸ್ಕ್ಯಾನ್ ಮತ್ತು ರಕ್ತ ಪರೀಕ್ಷೆ ಮಾಡಿ 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಸುಮಾರು ಮೂರರಲ್ಲಿ ಒಬ್ಬರಿಗೆ ಈ ಹುಳುವೇ ಕಾರಣ. ಹುಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಅಪಸ್ಮಾರದ ಸುಮಾರು ಶೇ 30ರಷ್ಟು ಪ್ರಕರಣಗಳಿಗೆ ಇದು ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಎಂದರೆ ಇದು ತಡೆಯಬಹುದಾದ ಅಪಸ್ಮಾರ.

ಮೊದಲ ಪರೀಕ್ಷೆ: ನಿಮ್ಮ ಮಾತು

ಫಿಟ್ಸ್ ಬಂದ ಮರುಕ್ಷಣವೇ ಸ್ಕ್ಯಾನಿಗೆ ಓಡುವವರಿದ್ದಾರೆ. ಆದರೆ ರೋಗನಿರ್ಣಯದ ಮೊದಲ ಮೆಟ್ಟಿಲು ಯಂತ್ರವಲ್ಲ, ಕಂಡವರ ಹೇಳಿಕೆ. ರೋಗಿಗೆ ತನಗೆ ಏನಾಯಿತೆಂದು ಗೊತ್ತಿರುವುದಿಲ್ಲ. ಆದ್ದರಿಂದ ನೋಡಿದವರೊಬ್ಬರು ವೈದ್ಯರ ಬಳಿ ಜೊತೆಗೆ ಹೋಗಲೇಬೇಕು. ಅದುರು ಎಲ್ಲಿಂದ ಆರಂಭವಾಯಿತು? ಒಂದು ಕೈಯಿಂದಲೋ, ಮೈಯೆಲ್ಲ ಒಮ್ಮೆಗೇ ಶುರುವಾಯಿತೋ? ಕಣ್ಣು, ಕತ್ತು ಯಾವ ಕಡೆ ತಿರುಗಿದವು? ಎಷ್ಟು ನಿಮಿಷ? ಆಮೇಲೆ ಆ ಕೈಯಲ್ಲಿ ಬಲ ಕಡಿಮೆಯಿತ್ತೇ? ಮೊಬೈಲಿನಲ್ಲಿ ಚಿತ್ರ ತೆಗೆದಿದ್ದರೆ ಇನ್ನೂ ಒಳ್ಳೆಯದು.

ಇದರ ಮಹತ್ವ ಇಷ್ಟು. ಒಂದು ಕೈಯಿಂದ ಅಥವಾ ಮುಖದ ಒಂದು ಪಕ್ಕದಿಂದ ಆರಂಭವಾದ ಅದುರು, ಮಿದುಳಿನ ಎದುರು ಪಕ್ಕದ ಒಂದು ಜಾಗದಲ್ಲಿ ಏನೋ ಕೆರಳಿದೆ ಎಂಬುದಕ್ಕೆ ಸೂಚನೆ. ಹುಳು ಮಾಡುವುದು ಹೆಚ್ಚಾಗಿ ಇಂತಹ ಫಿಟ್ಸನ್ನೇ. ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಮಾತ್ರ ಬಂದಿದ್ದರೆ ಅದನ್ನೂ ಹೇಳಿ. 'ಬಿಸಿನೀರಿನ ಅಪಸ್ಮಾರ' ಎಂಬ ಬೇರೆಯೇ ಬಗೆ ನಮ್ಮ ದಕ್ಷಿಣ ಕರ್ನಾಟಕದಲ್ಲಿ ಸಾಕಷ್ಟಿದೆ. ಅದಕ್ಕೂ ಹುಳುವಿಗೂ ಸಂಬಂಧವಿಲ್ಲ.

ಇವುಗಳ ಜೊತೆಗೆ ವೈದ್ಯರು ಕೇಳುವ ಪ್ರಶ್ನೆಗಳಿಗೆ ಸಂಕೋಚವಿಲ್ಲದೆ ಉತ್ತರಿಸಿ. ದಿನಗಟ್ಟಲೆ ಜ್ವರ, ತೂಕ ಇಳಿತ, ಕೆಮ್ಮು ಇತ್ತೇ? ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ? ಬೆಳಗಿನ ಹೊತ್ತು ತಲೆನೋವು, ವಾಂತಿ ಇದೆಯೇ? ಚರ್ಮದ ಕೆಳಗೆ ನೋವಿಲ್ಲದ, ಕಡಲೆಕಾಳಿನಷ್ಟು ಗಂಟುಗಳಿವೆಯೇ? ಮಲದಲ್ಲಿ ಚಪ್ಪಟೆಯಾದ ಬಿಳಿ ತುಣುಕುಗಳು ಎಂದಾದರೂ ಕಂಡಿವೆಯೇ? ಚರ್ಮದ ಗಂಟು ಸಿಕ್ಕರೆ ವೈದ್ಯರ ಕೆಲಸ ಹಗುರ. ಮಿದುಳು ಮುಟ್ಟದೆ, ಆ ಗಂಟನ್ನೇ ತೆಗೆದು ಸೂಕ್ಷ್ಮದರ್ಶಕದ ಕೆಳಗೆ ನೋಡಿ ಹುಳುವನ್ನು ಖಚಿತಪಡಿಸಬಹುದು.

ಚಿತ್ರ ಏನು ಹೇಳುತ್ತದೆ?

ಈ ರೋಗದಲ್ಲಿ ನಿರ್ಣಾಯಕವಾದುದು ಮಿದುಳಿನ ಚಿತ್ರ. ಸಾಮಾನ್ಯವಾಗಿ ಮೊದಲು ಸಿ.ಟಿ. ಸ್ಕ್ಯಾನ್, ಅದೂ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಚುಚ್ಚಿ ತೆಗೆದದ್ದು. ಬರಿಯ ಸ್ಕ್ಯಾನಿನಲ್ಲಿ ಊತವಷ್ಟೇ ಕಂಡು, ಚುಕ್ಕೆ ಕಾಣದೆ ಹೋಗಬಹುದು.

ಚಿತ್ರದಲ್ಲಿ ಕಾಣುವುದು ಹುಳುವಿನ ವಯಸ್ಸಿನ ಮೇಲಿದೆ. ಜೀವಂತ ಮರಿ ತಿಳಿನೀರಿನ ಗುಳ್ಳೆಯಂತೆ ಕಾಣುತ್ತದೆ, ಒಳಗೆ ಒಂದು ಪಕ್ಕಕ್ಕೆ ಅಂಟಿದ ಬಿಳಿ ಬಿಂದು. ಆ ಬಿಂದುವೇ ಹುಳುವಿನ ತಲೆ. ಅದು ಸ್ಪಷ್ಟವಾಗಿ ಕಂಡರೆ ರೋಗನಿರ್ಣಯ ಬಹುಮಟ್ಟಿಗೆ ಮುಗಿಯಿತು. ವಿಚಿತ್ರವೆಂದರೆ, ಬದುಕಿರುವ ಹುಳು ನಮ್ಮ ದೇಹದ ರಕ್ಷಣಾ ವ್ಯವಸ್ಥೆಯ ಕಣ್ಣು ತಪ್ಪಿಸಿ ತಣ್ಣಗೆ ಕುಳಿತಿರುತ್ತದೆ. ಸುತ್ತ ಊತ ಇರುವುದಿಲ್ಲ. ಅದು ಸಾಯತೊಡಗಿದಾಗ ದೇಹ ಎಚ್ಚೆತ್ತು ಮುತ್ತಿಗೆ ಹಾಕುತ್ತದೆ. ಆಗಲೇ ಉಂಗುರದಂತಹ ಹೊಳಪು, ಸುತ್ತ ಊತ, ಫಿಟ್ಸ್ ಕಾಣಿಸುವುದು. ನಮ್ಮ ಶಿಡ್ಲಘಟ್ಟದ ಯುವಕನ ಸ್ಕ್ಯಾನಿನಲ್ಲಿ ಕಂಡದ್ದು ಈ ಹಂತ. ಮುಂದೆ ಉಂಗುರ ಕುಗ್ಗಿ ಗಂಟಾಗುತ್ತದೆ. ಕೊನೆಗೆ ಗುರುತಿಲ್ಲದಂತೆ ಕರಗುತ್ತದೆ, ಇಲ್ಲವೇ ಸುಣ್ಣಗಟ್ಟಿದ ಬಿಳಿ ಚುಕ್ಕೆಯಾಗಿ ಉಳಿಯುತ್ತದೆ.

ಸುಣ್ಣಗಟ್ಟಿದ ಚುಕ್ಕೆ ಸತ್ತ ಹುಳುವಿನ ಗೋರಿ. ಅದಕ್ಕೆ ಹುಳುವಿನ ಮಾತ್ರೆ ಬೇಡ. ಅದರಿಂದ ಫಿಟ್ಸ್ ಬರುತ್ತಿದ್ದರೆ ಫಿಟ್ಸ್ ತಡೆಯುವ ಮಾತ್ರೆ ಬೇಕು, ಅಷ್ಟೇ. ಸುಣ್ಣಗಟ್ಟಿದ್ದನ್ನು ತೋರಿಸುವುದರಲ್ಲಿ ಸಿ.ಟಿ. ಮುಂದು. ಹುಳುವಿನ ತಲೆ, ಮಿದುಳಿನ ನೀರಿನ ಕೋಣೆಗಳೊಳಗೆ ಸೇರಿಕೊಂಡ ಗುಳ್ಳೆ, ಮಡಿಕೆಗಳ ಸಂದಿಯ ಗುಳ್ಳೆ ಇವುಗಳನ್ನು ತೋರಿಸುವುದರಲ್ಲಿ ಎಂ.ಆರ್.ಐ. ಮುಂದು. ಆದ್ದರಿಂದ ವೈದ್ಯರು ಎರಡನ್ನೂ ಬರೆದುಕೊಟ್ಟರೆ ಹಣ ಕೀಳಲಿಕ್ಕೆಂದೇ ತಿಳಿಯಬೇಡಿ. ಹಾಗೆಂದು ಎಲ್ಲರಿಗೂ ಎರಡೂ ಬೇಕಾಗುವುದಿಲ್ಲ. 'ಇನ್ನೊಂದು ಸ್ಕ್ಯಾನಿನಿಂದ ಹೊಸದಾಗಿ ಏನು ತಿಳಿಯಬೇಕಾಗಿದೆ?' ಎಂದು ಕೇಳುವ ಹಕ್ಕು ನಿಮಗಿದೆ.

ಕ್ಷಯವೆಂದು ತಿಳಿದ ಕಾಲ

ಈಗ ಮುಖ್ಯ ತೊಡಕಿಗೆ ಬರೋಣ. ಮಿದುಳಿನ ಕ್ಷಯದ ಗಂಟೂ ಸ್ಕ್ಯಾನಿನಲ್ಲಿ ಉಂಗುರದಂತೆ ಹೊಳೆಯುತ್ತದೆ. ನಮ್ಮ ದೇಶದಲ್ಲಿ ಕ್ಷಯಕ್ಕೆ ಬರವಿಲ್ಲ. 1980ರ ದಶಕದಲ್ಲಿ ಸಿ.ಟಿ. ಯಂತ್ರಗಳು ಬಂದು ಇಂತಹ ಚುಕ್ಕೆಗಳು ಕಾಣತೊಡಗಿದಾಗ, ಅವೆಲ್ಲ ಕ್ಷಯದ ಗಂಟುಗಳೆಂದೇ ಅನೇಕ ವೈದ್ಯರು ಭಾವಿಸಿದರು. ರೋಗಿಗಳು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ನುಂಗಿದರು. ಚುಕ್ಕೆ ಮಾಯವಾಯಿತು. ಔಷಧಿ ಕೆಲಸ ಮಾಡಿತೆಂದು ಎಲ್ಲರೂ ಸಂತೋಷಪಟ್ಟರು. ಆದರೆ ಮಾತ್ರೆ ತಿನ್ನದವರ ಚುಕ್ಕೆಯೂ ಮಾಯವಾಗುತ್ತಿತ್ತು! ಬೀಗದ ಕೈ ಕೊಟ್ಟು ಫಿಟ್ಸ್ ನಿಲ್ಲಿಸಿದ ಕಥೆಯಂತೆಯೇ ಇದೂ.

ಗುಟ್ಟು ಒಡೆದವರು ವೆಲ್ಲೂರಿನ ನರಶಸ್ತ್ರಚಿಕಿತ್ಸಕರಾದ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು. ಅವರು ಇಂತಹ ಚುಕ್ಕೆಗಳನ್ನು ಶಸ್ತ್ರಕ್ರಿಯೆಯಿಂದ ಹೊರತೆಗೆದು ಪರೀಕ್ಷಿಸಿದಾಗ ಒಳಗಿದ್ದುದು ಹೆಚ್ಚಾಗಿ ಕ್ಷಯವಲ್ಲ, ಹುಳುವಿನ ಅವಶೇಷ. 1989ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಮೇಲೆ ಅವರೇ, ತಲೆ ತೆರೆಯದೆಯೇ ಹುಳುವಿನ ಚುಕ್ಕೆಯನ್ನು ಗುರುತಿಸಲು ಸರಳ ನಿಯಮಗಳನ್ನು ರೂಪಿಸಿ, ಹೊಸ ರೋಗಿಗಳ ಮೇಲೆ ಒರೆಗೆ ಹಚ್ಚಿ ನೋಡಿ, 1997ರಲ್ಲಿ ಫಲಿತಾಂಶ ಪ್ರಕಟಿಸಿದರು.

ಆ ನಿಯಮಗಳ ಸಾರ ಹೀಗಿದೆ. ಕಾಯಿಲೆ ಫಿಟ್ಸ್‌ನಿಂದ ಆರಂಭವಾಗಿರಬೇಕು. ಚುಕ್ಕೆ ಒಂದೇ ಇರಬೇಕು, 20 ಮಿಲಿಮೀಟರ್ ಮೀರಬಾರದು. ಸುತ್ತಲಿನ ಊತ ಮಿದುಳಿನ ನಡುಗೆರೆಯನ್ನು ಪಕ್ಕಕ್ಕೆ ತಳ್ಳುವಷ್ಟು ಇರಬಾರದು. ತಲೆಯೊಳಗಿನ ಒತ್ತಡ ಏರಿದ ಲಕ್ಷಣ ಇರಬಾರದು. ದಿನದಿಂದ ದಿನಕ್ಕೆ ಕೈಕಾಲಿನ ಬಲ ಕುಗ್ಗುತ್ತಿರಬಾರದು. ದೇಹದ ಬೇರೆಡೆ ಕ್ಷಯದಂತಹ ಕಾಯಿಲೆಯ ಕುರುಹು ಇರಬಾರದು. ಇವಿಷ್ಟೂ ಹೊಂದಿಕೆಯಾದರೆ ಅದು ಹುಳುವೇ ಎಂದು ನಂಬಿ ಮುಂದುವರಿಯಬಹುದು. ಹೊಂದದಿದ್ದರೆ, ಉದಾಹರಣೆಗೆ ಚುಕ್ಕೆ ದೊಡ್ಡದಾಗಿ, ಅಂಚು ಒರಟಾಗಿ, ರೋಗಿಗೆ ಜ್ವರವೂ ತೂಕ ಇಳಿತವೂ ಇದ್ದರೆ, ಕ್ಷಯ, ಗಡ್ಡೆ ಮುಂತಾದವನ್ನು ಹುಡುಕಲೇಬೇಕು. ಎಚ್.ಐ.ವಿ. ಸೋಂಕು ಇರುವವರಲ್ಲಿ ಇನ್ನೂ ಬೇರೆ ಕಾರಣಗಳಿರುತ್ತವೆ.

ಚುಕ್ಕೆಗೆ ಇನ್ನೊಂದು ಪರೀಕ್ಷೆಯಿದೆ. ಅದು ಕಾಲ. ಕೆಲವು ತಿಂಗಳ ನಂತರ ಸ್ಕ್ಯಾನ್ ಮರಳಿ ಮಾಡಿದಾಗ ಹುಳುವಿನ ಚುಕ್ಕೆ ಸಾಮಾನ್ಯವಾಗಿ ಕುಗ್ಗಿರುತ್ತದೆ ಅಥವಾ ಮಾಯವಾಗಿರುತ್ತದೆ. ಬೆಳೆದಿದ್ದರೆ ಮೊದಲಿನ ತೀರ್ಮಾನವನ್ನು ಬದಲಿಸಬೇಕು. ಆದ್ದರಿಂದ ಮೊದಲ ಸ್ಕ್ಯಾನಿನ ಫಿಲ್ಮನ್ನು ಜೋಪಾನವಾಗಿಡಿ. ವರದಿಯ ಕಾಗದವೊಂದೇ ಸಾಲದು. ಹೋಲಿಸಿ ನೋಡಲು ಚಿತ್ರವೇ ಬೇಕು.

ರಕ್ತ ಪರೀಕ್ಷೆಯ ಮಿತಿ

'ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವುದಿಲ್ಲವೇ?' ಎಂದು ಅನೇಕರು ಕೇಳುತ್ತಾರೆ. ಹುಳುವಿನ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ಗುರುತಿಸುವ ಪರೀಕ್ಷೆಗಳಿವೆ. ಅವುಗಳಲ್ಲಿ ಇಮ್ಯುನೋಬ್ಲಾಟ್ ಎಂಬುದು ಉತ್ತಮ. ಮಿದುಳಿನಲ್ಲಿ ಎರಡಕ್ಕಿಂತ ಹೆಚ್ಚು ಜೀವಂತ ಗುಳ್ಳೆಗಳಿದ್ದರೆ ಅದು ಬಹುತೇಕ ತಪ್ಪದೆ ಹಿಡಿಯುತ್ತದೆ. ಆದರೆ ನಮ್ಮಲ್ಲಿ ಸಾಮಾನ್ಯವಾಗಿರುವ ಒಂಟಿ ಚುಕ್ಕೆಯಲ್ಲಿ, ಸುಣ್ಣಗಟ್ಟಿದ ಚುಕ್ಕೆಯಲ್ಲಿ ಅನೇಕ ಸಲ 'ಇಲ್ಲ' ಎಂಬ ಉತ್ತರ ಬರುತ್ತದೆ. ಹುಳುವಿದ್ದೂ 'ಇಲ್ಲ' ಎನ್ನಬಹುದು ಎಂಬುದನ್ನು ಮರೆಯಬೇಡಿ. ಅಗ್ಗದ ಎಲೈಸಾ ಪರೀಕ್ಷೆಗಳು ಇದಕ್ಕೂ ಕಡಿಮೆ ನಂಬಿಕೆಗೆ ಅರ್ಹ. ರಕ್ತದಲ್ಲಿ ಇಯೊಸಿನೊಫಿಲ್ ಕಣ ಹೆಚ್ಚಾಗಿದೆಯೆಂದು ಮಿದುಳಿನಲ್ಲಿ ಹುಳುವಿದೆ ಎನ್ನಲಾಗದು; ಸರಿಯಾಗಿದೆಯೆಂದು ಇಲ್ಲ ಎನ್ನಲೂ ಆಗದು. ಇ.ಇ.ಜಿ. ಪರೀಕ್ಷೆ ಫಿಟ್ಸ್‌ನ ಬಗೆಯನ್ನು ತಿಳಿಸಬಹುದೇ ಹೊರತು ಹುಳುವನ್ನು ತೋರಿಸದು.

ಹೀಗೆ ಯಾವುದೇ ಒಂದು ಪರೀಕ್ಷೆಯೂ ಒಂಟಿಯಾಗಿ ತೀರ್ಪು ಕೊಡದು. ನಿಮ್ಮ ಹೇಳಿಕೆ, ವೈದ್ಯರ ಕೈ ಪರೀಕ್ಷೆ, ಚಿತ್ರ, ಬೇಕಾದರೆ ರಕ್ತ, ಕೊನೆಗೆ ಕಾಲ, ಇವೆಲ್ಲ ಸೇರಿದರೇ ರೋಗನಿರ್ಣಯ.

ಅಂಗಡಿಯ ಮಾತ್ರೆ ಬೇಡ

'ಹುಳುವೇ ತಾನೇ, ಒಂದು ಆಲ್ಬೆಂಡಜೋಲ್ ನುಂಗಿದರಾಯಿತು' ಎನ್ನುವವರಿಗೊಂದು ಎಚ್ಚರಿಕೆ. ಮಿದುಳಿನ ಹುಳುವಿಗೂ ಅದೇ ಔಷಧಿ ಬಳಸುವುದು ನಿಜ. ಆದರೆ ಹುಳು ಸಾಯುವಾಗಲೇ ಊತ ಏರುವುದೆಂದು ಮೇಲೆ ಹೇಳಿದೆ. ಮಿದುಳಿನಲ್ಲಿ ಹತ್ತಾರು, ನೂರಾರು ಗುಳ್ಳೆಗಳಿದ್ದು ಮಿದುಳು ಆಗಲೇ ಊದಿದ್ದರೆ, ಅವೆಲ್ಲ ಒಮ್ಮೆಗೇ ಸತ್ತಾಗ ಪ್ರಾಣಕ್ಕೇ ಅಪಾಯ. ಕಣ್ಣಿನೊಳಗೆ ಗುಳ್ಳೆಯಿದ್ದರೆ ದೃಷ್ಟಿ ಹೋಗಬಹುದು. ಆದ್ದರಿಂದಲೇ ಮೊದಲು ಸ್ಕ್ಯಾನ್, ಕಣ್ಣಿನ ಒಳಪದರದ ಪರೀಕ್ಷೆ. ಊತ ತಡೆಯುವ ಸ್ಟೀರಾಯ್ಡ್ ಮೊದಲೇ ಆರಂಭ. ಆಮೇಲೆ, ಒಂದೆರಡು ಚುಕ್ಕೆಗಳಿದ್ದರೆ, ತೂಕಕ್ಕೆ ತಕ್ಕಂತೆ 10ರಿಂದ 14 ದಿನ ಆಲ್ಬೆಂಡಜೋಲ್. ಎಷ್ಟು, ಯಾವಾಗ ಎಂಬುದು ವೈದ್ಯರ ತೀರ್ಮಾನ. ಇದೆಲ್ಲದರ ಜೊತೆಗೆ ಫಿಟ್ಸ್ ತಡೆಯುವ ಮಾತ್ರೆಯನ್ನು ಒಂದು ಹೊತ್ತೂ ತಪ್ಪಿಸಬಾರದು. ಚುಕ್ಕೆ ಕರಗಿದ ಮೇಲೆ ಅದನ್ನು ನಿಲ್ಲಿಸುವ ಬಗ್ಗೆ ಹೇಳಬೇಕಾದವರೂ ವೈದ್ಯರೇ.

ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ ಒಂದು ಮಾತ್ರೆಗೆ ಇದರಿಂದ ಹೆದರಬೇಕಿಲ್ಲ. ಅದು ಕರುಳಿನ ಜಂತುಹುಳಕ್ಕೆ ಕೊಡುವುದು, ಮಕ್ಕಳಿಗೆ ಒಳ್ಳೆಯದು. ಮಗುವಿಗೆ ಫಿಟ್ಸ್ ಇದ್ದರೆ ಮೊದಲೇ ತಿಳಿಸಿದರಾಯಿತು.

ಮನೆಯಲ್ಲಿ ಯಾರು?

ಬಹಳ ಸಲ ಬಿಟ್ಟುಹೋಗುವ ಒಂದು ಹೆಜ್ಜೆಯಿದೆ. ಮಿದುಳಿನಲ್ಲಿ ಹುಳು ಸಿಕ್ಕಿತು ಎಂದರೆ, ಎಲ್ಲೋ ಒಬ್ಬರ ಕರುಳಿನಲ್ಲಿ ಬೆಳೆದ ಹುಳು ಇತ್ತು ಅಥವಾ ಇನ್ನೂ ಇದೆ. ಅದು ರೋಗಿಯೇ ಇರಬಹುದು, ಒಂದೇ ಮನೆಯಲ್ಲಿ ಉಂಡು ಮಲಗುವವರಿರಬಹುದು, ಅಡುಗೆ ಮಾಡುವವರಿರಬಹುದು. ಅವರಿಗೆ ಚಿಕಿತ್ಸೆಯಾಗದಿದ್ದರೆ ನಾಳೆ ಮನೆಯ ಇನ್ನೊಂದು ಮಗುವಿಗೆ ಫಿಟ್ಸ್ ಬರಬಹುದು. ಆದ್ದರಿಂದ ಮನೆಮಂದಿಯೆಲ್ಲ ಮಲ ಪರೀಕ್ಷೆ ಮಾಡಿಸಿಕೊಳ್ಳಿ. ಮೊಟ್ಟೆಗಳು ದಿನವೂ ಬರುವುದಿಲ್ಲವಾದ್ದರಿಂದ ಬೇರೆ ಬೇರೆ ದಿನಗಳ ಮೂರು ಮಾದರಿ ಕೊಡುವುದು ಮೇಲು. ಸಿಕ್ಕರೆ ಚಿಕಿತ್ಸೆ ಸುಲಭ. ಸಾಮಾನ್ಯವಾಗಿ ವೈದ್ಯರು ಒಂದು ಸಲ ಕೊಡುವ ಔಷಧಿಯಲ್ಲೇ ಮುಗಿಯುತ್ತದೆ. ಇದರಲ್ಲಿ ನಾಚಿಕೆಯಿಲ್ಲ, ಯಾರನ್ನೂ ದೂರುವುದೂ ಬೇಡ. ಮನೆಗೆಲಸದವರನ್ನು ಬಿಡಿಸಿ ಕಳಿಸುವುದು ಪರಿಹಾರವಲ್ಲ. ಅವರಿಗೂ ಪರೀಕ್ಷೆ, ಚಿಕಿತ್ಸೆ ಮಾಡಿಸುವುದು ಪರಿಹಾರ.

ನಮ್ಮ ತಾಲ್ಲೂಕುಗಳು ಸೊಪ್ಪು, ಕ್ಯಾರೆಟ್, ಟೊಮ್ಯಾಟೊ ಬೆಳೆದು ಬೆಂಗಳೂರಿಗೆ ಕಳಿಸುವ ನಾಡು. ಹಸಿಯಾಗಿ ತಿನ್ನುವ ತರಕಾರಿಯನ್ನು ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯಿರಿ, ಆಗುವಂಥದನ್ನು ಸಿಪ್ಪೆ ತೆಗೆದು ತಿನ್ನಿ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಸಂಸ್ಕರಿಸಿದ ನೀರು ಈಗ ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ಹೆಚ್ಚಲೆಂದು ಬಿಟ್ಟದ್ದು. ಆ ನೀರಿನಲ್ಲಿ ಸೊಪ್ಪು ತೊಳೆದು ಮಾರುಕಟ್ಟೆಗೆ ಕಳಿಸುವುದು ಬೇಡ. ಹಂದಿ ಮಾಂಸ ತಿನ್ನುವವರು ಒಳಗಿನ ಕೆಂಪು ಹೋಗುವವರೆಗೆ ಬೇಯಿಸಿ; ಅಕ್ಕಿಕಾಳಿನಂತಹ ಬಿಳಿ ಗುಳ್ಳೆಗಳಿರುವ ಮಾಂಸವನ್ನು ಕೊಳ್ಳಬೇಡಿ. ಹಂದಿಗಳನ್ನು ಕಟ್ಟಿ ಸಾಕಿದರೆ, ಎಲ್ಲರೂ ಶೌಚಾಲಯ ಬಳಸಿದರೆ, ಹುಳುವಿನ ಬಾಳಿನ ಸರಪಳಿ ಅಲ್ಲೇ ತುಂಡಾಗುತ್ತದೆ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವು ಪ್ರಾಯೋಗಿಕವಾಗಿ ಮೊದಲು ಬಂದ ಜಿಲ್ಲೆಗಳಲ್ಲಿ ಚಿಕ್ಕಬಳ್ಳಾಪುರವೂ ಒಂದು. ಫಿಟ್ಸ್ ಇರುವವರಿಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗಲೆಂಬುದು ಅದರ ಉದ್ದೇಶ. ಗಂಟಲಿಗೆ ದಾರ, ಹಣೆಗೆ ಬರೆ ಎಂದು ತಿಂಗಳುಗಳನ್ನು ಕಳೆಯಬೇಡಿ. ಫಿಟ್ಸ್ ಐದು ನಿಮಿಷ ಮೀರಿದರೆ, ಒಂದರ ಹಿಂದೊಂದು ಬಂದರೆ, ತಲೆನೋವು ವಾಂತಿ ಹೆಚ್ಚಿ ಮಂಪರು ಕವಿದರೆ ಕಾಯದೆ ಕರೆದೊಯ್ಯಿರಿ. ನೀರಿನ ಕೋಣೆಯಲ್ಲಿ ಸಿಕ್ಕಿಕೊಂಡ ಗುಳ್ಳೆ ಮಿದುಳಿನ ನೀರು ಹರಿಯುವ ದಾರಿಯನ್ನೇ ಮುಚ್ಚಿರಬಹುದು. ಅದಕ್ಕೆ ತುರ್ತು ಶಸ್ತ್ರಚಿಕಿತ್ಸೆ ಬೇಕಾದೀತು.

ಫಿಟ್ಸ್ ಬಂದಾಗ ರೋಗಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಸುತ್ತಲಿನ ಬಿಸಿ, ಚೂಪು ವಸ್ತುಗಳನ್ನು ಸರಿಸಿ, ಹೊತ್ತು ನೋಡಿಕೊಳ್ಳಿ. ಬಾಯಿಗೆ ಏನನ್ನೂ ತುರುಕಬೇಡಿ. ಫಿಟ್ಸ್ ಹತೋಟಿಗೆ ಬಂದು ವೈದ್ಯರು ಒಪ್ಪುವವರೆಗೆ ಬಿಸಿನೀರಿನ ಬಾಣಲೆ, ಬಾವಿಕಟ್ಟೆ, ಟ್ರ್ಯಾಕ್ಟರ್ ಕೆಲಸ ಬೇಡ.

ಕೊನೆಯದಾಗಿ ಮನೆಯ ಹಿರಿಯರಿಗೊಂದು ಮಾತು. 'ಫಿಟ್ಸ್ ಇದೆಯೆಂದು ತಿಳಿದರೆ ಮದುವೆ ಆಗುವುದಿಲ್ಲ' ಎಂಬ ಭಯದಿಂದ ಮಕ್ಕಳ ಕಾಯಿಲೆಯನ್ನು ಮುಚ್ಚಿಡಬೇಡಿ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯೆಂದು ಸೇರಿಸಿದ್ದ ಅಪಸ್ಮಾರದ ಉಲ್ಲೇಖವನ್ನು 1999ರಲ್ಲೇ ತೆಗೆದುಹಾಕಲಾಗಿದೆ. ಅದೂ ಹುಳುವಿನ ಒಂಟಿ ಚುಕ್ಕೆಯಿಂದ ಬಂದ ಫಿಟ್ಸ್ ಹೆಚ್ಚಿನವರಲ್ಲಿ ಚುಕ್ಕೆ ಕರಗಿದ ಮೇಲೆ ನಿಂತೇ ಹೋಗುತ್ತದೆ. ಅದು ವಂಶದಿಂದ ಬಂದದ್ದಲ್ಲ, ಯಾರ ಶಾಪವೂ ಅಲ್ಲ. ಎಂದೋ ಒಂದು ದಿನ ತೊಳೆಯದೆ ಉಂಡ ತುತ್ತಿನ ಜೊತೆ ಬಂದ ಅತಿಥಿ. ಸರಿಯಾಗಿ ಗುರುತು ಹಿಡಿದರೆ ಅದು ಹೊರಟುಹೋಗುತ್ತದೆ.

ವೈದ್ಯರ ಬಳಿ ಹೋಗುವಾಗ

1. ಫಿಟ್ಸ್ ಕಣ್ಣಾರೆ ಕಂಡವರೊಬ್ಬರು ಜೊತೆಗಿರಲಿ.
2. ಹಿಂದಿನ ಸ್ಕ್ಯಾನ್ ಫಿಲ್ಮ್, ಮಾತ್ರೆ ಚೀಟಿ ಎಲ್ಲವನ್ನೂ ಒಯ್ಯಿರಿ.
3. 'ನಾವು ಸಸ್ಯಾಹಾರಿಗಳು' ಎಂಬ ಕಾರಣಕ್ಕೆ ಹುಳುವಿನ ಸಾಧ್ಯತೆಯನ್ನು ತಳ್ಳಿಹಾಕಬೇಡಿ.
4. ಕ್ಷಯದ ಮಾತ್ರೆ ಆರಂಭಿಸುವಂತೆ ಹೇಳಿದರೆ, ಕ್ಷಯವೆಂದು ತೀರ್ಮಾನಿಸಲು ಆಧಾರವೇನೆಂದು ವಿನಯದಿಂದ ಕೇಳಿ. ಆಧಾರವಿದ್ದು ಆರಂಭಿಸಿದ ಮೇಲೆ ನಡುವೆ ಬಿಡಬೇಡಿ.
5. ಮರಳಿ ಸ್ಕ್ಯಾನ್ ಯಾವಾಗ ಎಂದು ಬರೆಸಿಕೊಂಡು ಬನ್ನಿ.
6. ಮನೆಯವರ ಮಲ ಪರೀಕ್ಷೆಯನ್ನು ನೀವೇ ನೆನಪಿಸಿ.